ಟಿಲ್ಲರ್ ಕೈಕೊಟ್ರೆ ಕಾರ್ಬೋರೇಟರ್ ಬಿಚ್ಚೋಕೆ ಮುಂಚೆ ಇವನ್ನ ನೋಡ್ರಿ

ಹೋದ ವರ್ಷ ಮೃಗಶಿರ ಮಳೆ ಬಿದ್ದು ಮಣ್ಣು ಒಳ್ಳೆ ಹದಕ್ಕೆ ಬಂದಿತ್ತು. ಹೊಳಲ್ಕೆರೆ ಹತ್ರ ನಮ್ದು ಒಂದೂವರೆ ಎಕರೆ ಅಡಿಕೆ ತೋಟ, ಸಾಲಿನ ಮಧ್ಯ ಮಣ್ಣು ಅಗೆಯೋ ಟಿಲ್ಲರ್ ಹೊಡೆದು ಹಸಿರು ಗೊಬ್ಬರಕ್ಕೆ ಅಪ್ಸೆಣಬು ಚೆಲ್ಲೋಣ ಅಂತ ಶುರು ಮಾಡಿದ್ದೆ. 7 ಎಚ್‌ಪಿ ಪೆಟ್ರೋಲ್ ಮೆಷಿನ್ನು. ಒಂದೇ ಎಳೆತಕ್ಕೆ ಸ್ಟಾರ್ಟ್ ಆಗೋದು, ಹದಿನೈದು ಇಪ್ಪತ್ತು ನಿಮಿಷ ಚೆನ್ನಾಗಿ ಓಡೋದು, ಆಮೇಲೆ ಎರಡು ಸಲ ಕೆಮ್ಮಿದಂಗೆ ಮಾಡಿ ನಿಂತೋಗೋದು. ಹತ್ತು ನಿಮಿಷ ಬಿಟ್ಟು ಹಗ್ಗ ಎಳೆದ್ರೆ ಏನೂ ಆಗೇ ಇಲ್ಲ ಅನ್ನಂಗೆ ಮತ್ತೆ ಸ್ಟಾರ್ಟು. ಗ್ಯಾರೇಜಿಗೆ ಒಯ್ದೆ, ಕಾರ್ಬೋರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡೋ ಭಾಗ) ಹೋಗೈತೆ ಅಂದ್ರು, ಹೊಸದು ಹಾಕಿಸಿ ದುಡ್ಡು ಕೊಟ್ಟು ತಂದು ತೋಟಕ್ಕೆ ಇಳಿಸಿದ್ರೆ ಅದೇ ಕತೆ. ನಾಲ್ಕು ದಿನ ಹಿಂಗೇ ಹೋಯ್ತು, ಅಷ್ಟೊತ್ತಿಗೆ ಮೇಲ್ಮಣ್ಣು ಒಣಗಿ ಹದ ತಪ್ಪೋಯ್ತು.

ಐದನೇ ದಿನ ನಮ್ಮ ದೊಡ್ಡಪ್ಪ ಬದುವಿನ ಮೇಲೆ ಕೂತು ನೋಡ್ತಾ ಇದ್ದೋರು, ಮೆಷಿನ್ ನಿಂತ ತಕ್ಷಣ ಎದ್ದು ಬಂದು "ಟ್ಯಾಂಕಿನ ಮುಚ್ಚಳ ಸಡಿಲ ಮಾಡಲೇ ಮಗಾ" ಅಂದ್ರು. ತಿರುಗಿಸಿದೆ, ಬುಸ್ ಅಂತ ಗಾಳಿ ಒಳಗೆ ಎಳ್ಕಂತು. ಎಳೆದೆ, ಸ್ಟಾರ್ಟ್ ಆಯ್ತು. "ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದ್ರೆ ಎಣ್ಣೆ ಸುರೀತೈತಾ? ಗಾಳಿ ಹೋಗೋಕೆ ಇನ್ನೊಂದು ತೂತು ಬೇಕಲ್ಲ" ಅಂದ್ರು. ಅಷ್ಟೇ ವಿಷಯ. ಮುಚ್ಚಳದಲ್ಲಿರೋ ಸಣ್ಣ ಗಾಳಿ ತೂತಿಗೆ ಕೆಂಪು ಧೂಳು, ಪೆಟ್ರೋಲು ಸೇರಿ ಗೋಂದಿನಂಗೆ ಕೂತಿತ್ತು. ಪೆಟ್ರೋಲ್ ಕೆಳಗೆ ಇಳಿದಂಗೆಲ್ಲ ಟ್ಯಾಂಕಿನೊಳಗೆ ಗಾಳಿ ಕಡಿಮೆಯಾಗಿ ಹಿಂದಕ್ಕೆ ಎಳೀತಿತ್ತು, ಕಾರ್ಬೋರೇಟರ್ ಖಾಲಿ, ಎಂಜಿನ್ ಆಫ್. ಹತ್ತು ನಿಮಿಷದಲ್ಲಿ ನಿಧಾನಕ್ಕೆ ಗಾಳಿ ಜಿನುಗಿ ಸರಿ ಹೋಗ್ತಿತ್ತು. ಸೂಜಿಯಿಂದ ಚುಚ್ಚಿ ಊದಿದೆ, ಅವತ್ತಿಂದ ಇವತ್ತಿನವರೆಗೂ ಆ ತೊಂದ್ರೆ ಬಂದಿಲ್ಲ.

ಅದಾದ ಮೇಲೆ ನಮ್ಮೂರಲ್ಲಿ, ಆಮೇಲೆ ಚನ್ನಗಿರಿ ಕಡೆ ನಮ್ಮ ಅತ್ತೆ ಮನೆ ಊರಲ್ಲಿ ಯಾರ ಟಿಲ್ಲರ್ ನಿಂತ್ರೂ ಹೋಗಿ ನೋಡೋದು ಒಂದು ಅಭ್ಯಾಸ ಆಗೋಗೈತೆ. ನಾನು ಮೆಕ್ಯಾನಿಕ್ ಅಲ್ಲ, ರೈತ. ಆದ್ರೆ ನೋಡಿ ನೋಡಿ ಒಂದು ಗೊತ್ತಾಗೈತೆ, ಜನ "ಎಂಜಿನ್ ಹೋಯ್ತು" ಅಂತ ಒಯ್ಯೋ ಮೆಷಿನ್‌ಗಳಲ್ಲಿ ಸುಮಾರಕ್ಕೆ ಎಂಜಿನ್ನು ಸರಿಯಾಗೇ ಇರ್ತೈತೆ, ತೊಂದ್ರೆ ಮಣ್ಣಿನ ಹದದಲ್ಲೋ ಬ್ಲೇಡಲ್ಲೋ ವಯರಲ್ಲೋ ಪೆಟ್ರೋಲಲ್ಲೋ ಇರ್ತೈತೆ. ಅದ್ಕೆ ಹೊರಗಿಂದ ಒಳಕ್ಕೆ ನೋಡ್ತಾ ಹೋಗ್ಬೇಕು, ಒಳಗಿಂದ ಹೊರಕ್ಕಲ್ಲ. ನಾನು ಹೇಳ್ತಿರೋದು 5ರಿಂದ 7 ಎಚ್‌ಪಿ ಪೆಟ್ರೋಲ್ ಮಿನಿ ಟಿಲ್ಲರ್, ಪವರ್ ವೀಡರ್ ಅಂತೀವಲ್ಲ ಅವುಗಳ ಬಗ್ಗೆ. ಗದ್ದೆಗೆ ಹೊಡೆಯೋ ದೊಡ್ಡ ಡೀಸೆಲ್ ಪವರ್ ಟಿಲ್ಲರ್ ಬೇರೆ ಲೆಕ್ಕ.

ಶುರು ಮಾಡೋ ಮುಂಚೆ ಒಂದು ಮಾತು, ಇದನ್ನ ಯಾರೂ ಹಗುರ ಮಾಡ್ಬೇಡ್ರಿ. ಬ್ಲೇಡಿಗೆ ಕೈ ಹಾಕೋ ಮುಂಚೆ ಎಂಜಿನ್ ಆಫ್ ಮಾಡಿ ಪ್ಲಗ್ ಕ್ಯಾಪ್ (ಎಂಜಿನ್ನಿಗೆ ಕಿಡಿ ಕೊಡೋ ಪ್ಲಗ್ಗಿನ ಮೇಲಿರೋ ವಯರಿನ ಟೋಪಿ) ಕಿತ್ತು ಪಕ್ಕಕ್ಕಿಡ್ರಿ. ಸ್ವಿಚ್ ಆಫ್ ಮಾಡೀನಲ್ಲ ಅಂತ ಬಿಡಬೇಡ್ರಿ, ಗೇರಲ್ಲಿದ್ದಾಗ ಬ್ಲೇಡ್ ತಿರುಗಿಸಿದ್ರೆ ಎಂಜಿನ್ನೂ ತಿರುಗ್ತೈತೆ, ಸ್ವಿಚ್ ವಯರ್ ಲೂಸ್ ಇದ್ರೆ ಒಂದು ಕಿಡಿ ಸಾಕು ಸ್ಟಾರ್ಟ್ ಆಗೋಕೆ.

ಎಲ್ಲಕ್ಕಿಂತ ಮೊದಲು ಸೌಂಡ್ ಕೇಳ್ರಿ

ಮಣ್ಣಲ್ಲಿ ಬ್ಲೇಡ್ ನಿಲ್ತಾ ಇದ್ರೆ ಆವಾಗ ಎಂಜಿನ್ ಸೌಂಡ್ ಏನಾಗ್ತೈತೆ ಅನ್ನೋದೇ ಅರ್ಧ ಉತ್ತರ. ಬ್ಲೇಡ್ ನಿಂತೋಯ್ತು, ಆದ್ರೆ ಎಂಜಿನ್ ಮಾತ್ರ ಅದೇ ಜೋರಲ್ಲಿ ಕೂಗ್ತಾನೇ ಐತೆ ಅಂದ್ರೆ ಎಂಜಿನ್ ಚೆನ್ನಾಗೈತೆ, ಅದರ ಶಕ್ತಿ ಬ್ಲೇಡಿಗೆ ಮುಟ್ತಾ ಇಲ್ಲ. ಬೆಲ್ಟ್, ಕ್ಲಚ್ ವಯರ್, ಬ್ಲೇಡಿನ ಪಿನ್ನು, ಇಷ್ಟರಲ್ಲೇ ಹುಡುಕ್ರಿ. ಬ್ಲೇಡ್ ಜೊತೆಗೇ ಎಂಜಿನ್ ಸೌಂಡೂ ದಪ್ಪ ಆಗಿ ಇಳಿದು ಆಫ್ ಆಗ್ತೈತೆ ಅಂದ್ರೆ ಒಂದೋ ಭಾರ ಜಾಸ್ತಿ ಆಗೈತೆ, ಇಲ್ಲ ಎಂಜಿನ್ನಿಗೆ ಗಾಳಿನೋ ಪೆಟ್ರೋಲೋ ಸಾಲ್ತಿಲ್ಲ. ಯಾವುದು ಅಂತ ಗೊತ್ತಾಗೋಕೆ ಬ್ಲೇಡ್ ಎತ್ತಿ ನ್ಯೂಟ್ರಲಲ್ಲಿ ಫುಲ್ ಎಕ್ಸಲೇಟರ್ ಕೊಡ್ರಿ, ಒಂದೇ ಸಮ ಕೂಗಿದ್ರೆ ಮೊದಲು ಮಣ್ಣಿನ ಕಡೆ ನೋಡ್ರಿ, ಖಾಲಿ ಇದ್ದಾಗಲೂ ಏರಿಳಿತ ಮಾಡಿದ್ರೆ, ಕೆಮ್ಮಿದ್ರೆ ಪೆಟ್ರೋಲ್ ಕಡೆ.

ಎಂಜಿನ್ ಸರಿ, ಅಗೆಯೋದಿಲ್ಲ

ನಮ್ಮ ಕಡೆ ಇದೇ ಜಾಸ್ತಿ ಬರೋ ಕಂಪ್ಲೇಂಟು, ಇದರಲ್ಲಿ ಮೆಷಿನ್ ತಪ್ಪಿಗಿಂತ ಹದದ ತಪ್ಪೇ ಹೆಚ್ಚು. ಚಳ್ಳಕೆರೆ ಕಡೆ ಶೇಂಗಾ ಬೆಳೆಯೋ ಕೆಂಪು ಮಸಾರಿ ಬೇರೆ, ಹಿರಿಯೂರು ಜಗಳೂರು ಕಡೆ ಕಪ್ಪು ಎರೆ ಬೇರೆ, ಎರಡಕ್ಕೂ ಒಂದೇ ದಿನ ಲೆಕ್ಕ ಹಾಕಿದ್ರೆ ಆಗಲ್ಲ. ಮಸಾರಿ ಮಳೆ ನಿಂತು ಒಂದೆರಡು ದಿನಕ್ಕೆ ಹದಕ್ಕೆ ಬಂದು ಅಷ್ಟೇ ಬೇಗ ಗಟ್ಟಿನೂ ಆಗ್ತೈತೆ, ಎರೆ ಮಣ್ಣು ನೀರು ಹಿಡ್ಕಂಡು ಕೂತಿರ್ತೈತೆ, ಮೇಲೆ ಒಣಗಿದಂಗೆ ಕಂಡ್ರೂ ನಾಲ್ಕು ಬೆರಳು ಕೆಳಗೆ ಅಂಟು. ನೋಡೋದು ಸುಲಭ, ಬ್ಲೇಡ್ ಇಳಿಯೋ ಆಳದಿಂದ ಒಂದು ಹಿಡಿ ಮಣ್ಣು ತಗಂಡು ಉಂಡೆ ಕಟ್ರಿ, ಸೊಂಟದೆತ್ತರದಿಂದ ಬಿಡ್ರಿ. ಬಿದ್ದು ಪುಡಿ ಪುಡಿ ಆದ್ರೆ ಹದ. ಪಚ್ ಅಂತ ಚಪ್ಪಟೆ ಆದ್ರೆ ಇನ್ನೂ ಹಸಿ, ಬ್ಲೇಡಿಗೆ ಮುದ್ದೆ ಮುದ್ದೆ ಮೆತ್ತಿಕೊಂಡು ಸಿಮೆಂಟ್ ಉರುಳೆ ತರ ಆಗಿ ಉರುಳ್ತೈತೆ ಹೊರತು ಅಗೆಯಲ್ಲ, ಮೇಲಿಂದ ಆ ಹಸಿ ಮಣ್ಣು ಒಣಗಿದ ಮೇಲೆ ಕಲ್ಲಿನಂಥ ಹೆಂಟೆ ಆಗ್ತೈತೆ, ಕೆಳಗೆ ಗಟ್ಟಿ ಪದರ ಕೂರ್ತೈತೆ, ಒಂದು ದಿನದ ಅವಸರಕ್ಕೆ ಆ ಬೆಳೆ ಪೂರ್ತಿ ಅನುಭವಿಸ್ಬೇಕು. ಉಂಡೆನೇ ಕಟ್ಟಲ್ಲ, ಗಟ್ಟಿ ಹೆಂಟೆ ಅಂದ್ರೆ ಸ್ಪ್ರಿಂಕ್ಲರ್ ಇದ್ರೆ ಹಗುರಕ್ಕೆ ನೀರು ಕೊಟ್ಟು ಎರಡು ಮೂರು ದಿನ ಬಿಟ್ಟು ಇಳೀರಿ.

ಗಟ್ಟಿ ನೆಲದಲ್ಲಿ ಮೆಷಿನ್ನು ಕುಪ್ಪಳಿಸ್ಕೊಂಡು ಮುಂದಕ್ಕೆ ಎಳ್ಕೊಂಡು ಓಡ್ತೈತೆ ಅಂತಾರಲ್ಲ, ಅದು ಹಿಂದಿರೋ ಡೆಪ್ತ್ ಬಾರ್ ವಿಷಯ. ನೇಗಿಲಿನ ಗುಳದ ತರ ಕೆಳಕ್ಕೆ ಚುಚ್ಚಿಕೊಂಡಿರೋ ಆ ಪಟ್ಟಿ ಬ್ರೇಕ್ ಇದ್ದಂಗೆ. ಅದನ್ನ ಮೇಲಕ್ಕೆ ಎತ್ತಿಟ್ರೆ ಮೆಷಿನ್ ಜೋರಾಗಿ ಮುಂದೆ ಓಡ್ತೈತೆ, ಮೇಲೆ ಮೇಲೆ ಕೆರೀತೈತೆ. ಕೆಳಗೆ ಇಳಿಸಿ ಹ್ಯಾಂಡಲ್ ಸ್ವಲ್ಪ ಒತ್ತಿದ್ರೆ ಪಟ್ಟಿ ನೆಲ ಹಿಡಿದು ಮೆಷಿನ್ನನ್ನ ತಡೀತೈತೆ, ಆವಾಗ ಬ್ಲೇಡು ಅಲ್ಲೇ ಆಳಕ್ಕೆ ಅಗೀತೈತೆ. ಒಂದೇ ಸಲಕ್ಕೆ ಆಳ ಹೊಡಿಯೋಕೆ ಹೋಗ್ಬೇಡ್ರಿ, ಮೊದಲನೇ ಸಲ ಎರಡು ಮೂರು ಇಂಚು, ಎರಡನೇ ಸಲ ಅಡ್ಡ ಹೊಡೆದು ಇನ್ನೊಂದಷ್ಟು. ಆಗ್ಲೂ ಎಳೀತಿಲ್ಲ ಅಂದ್ರೆ ಎರಡೂ ಕಡೆ ಹೊರಗಿನ ಒಂದೊಂದು ಬ್ಲೇಡ್ ಸೆಟ್ ಬಿಚ್ಚಿಡ್ರಿ, ಅಗಲ ಕಡಿಮೆ ಆಗ್ತೈತೆ, ಭಾರನೂ ಕಡಿಮೆ. ಅಡಿಕೆ ತೋಟದಲ್ಲಂತೂ ಆಳ ಹೊಡಿಯೋ ಆಸೆನೇ ಬೇಡ, ಅಡಿಕೆ ಬೇರು ಮೇಲ್ಮಣ್ಣಲ್ಲೇ ಬಲೆ ತರ ಹರಡಿರ್ತವೆ, ಬುಡದ ಹತ್ರ ಟಿಲ್ಲರ್ ಬಿಟ್ರೆ ಗೊಬ್ಬರ ಉಣ್ಣೋ ಬೇರನ್ನೇ ಕತ್ತರಿಸಿದಂಗೆ.

ಇನ್ನೊಂದು ತಪ್ಪು ನಾನು ಮೂರ್ನಾಲ್ಕು ಕಡೆ ಕಣ್ಣಾರೆ ಕಂಡೀನಿ. ಬ್ಲೇಡ್ ಬಿಚ್ಚಿ ತೊಳೆದು ಮತ್ತೆ ಹಾಕುವಾಗ ಎಡಗಡೆ ಸೆಟ್ಟು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿಬಿಡ್ತಾರೆ. ನೋಡೋಕೆ ಸರಿಯಾಗೇ ಕಾಣ್ತೈತೆ. ಆದ್ರೆ ತಿರುಗುವಾಗ ಚೂಪು ಅಂಚು ಮೊದಲು ಮಣ್ಣಿಗೆ ಬೀಳೋ ಬದಲು ಬ್ಲೇಡಿನ ಬೆನ್ನು ಬಡೀತೈತೆ, ಮೆಷಿನ್ ಧಡ್ ಧಡ್ ಅಂತ ನೆಗೀತೈತೆ, ಕೈ ನಡುಗಿ ಭುಜ ನೋವು ಬರ್ತೈತೆ, ಮಣ್ಣು ಮಾತ್ರ ಹಂಗೇ ಇರ್ತೈತೆ. ಮುಂದಕ್ಕೆ ಹೋಗುವಾಗ ಬ್ಲೇಡ್ ಯಾವ ಕಡೆಯಿಂದ ನೆಲಕ್ಕೆ ಇಳೀತೈತೆ ನೋಡಿ, ಆ ಕಡೆ ಚೂಪು ಇರ್ಬೇಕು, ಅಷ್ಟೇ ಲೆಕ್ಕ. ಬಿಚ್ಚೋ ಮುಂಚೆ ಮೊಬೈಲಲ್ಲಿ ಒಂದು ಫೋಟೋ ಹೊಡ್ಕಳ್ರಿ.

ಮೆಷಿನ್ ಒಂದೇ ಕಡೆಗೆ ವಾಲಿ ಎಳೀತಿದ್ರೆ ಒಂದು ಬದಿ ಪಿನ್ ಅಥವಾ ಬೋಲ್ಟ್ ತುಂಡಾಗಿ ಆ ಕಡೆ ಬ್ಲೇಡ್ ಸುಮ್ನೆ ನಿಂತಿರ್ಬಹುದು, ಗರಸು ಮಣ್ಣಲ್ಲಿ ಕಲ್ಲಿಗೆ ಹೊಡೆದಾಗ ಹಿಂಗಾಗ್ತೈತೆ. ಆ ಪಿನ್ನು ಕೆಲವು ಮೆಷಿನ್ನಲ್ಲಿ ಬೇಕಂತಲೇ ಮೆತ್ತಗಿನ ಕಬ್ಬಿಣದ್ದು ಇಟ್ಟಿರ್ತಾರೆ, ಅದು ಮುರಿದು ಗೇರ್ ಬಾಕ್ಸ್ ಉಳಿಸ್ಲಿ ಅಂತ. ಅಲ್ಲಿಗೆ ಗಟ್ಟಿ ಬೋಲ್ಟೋ ಮೊಳೆನೋ ಬಡಿದ್ರೆ ಮುಂದಿನ ಕಲ್ಲಿಗೆ ಗೇರೇ ಹೋಗ್ತೈತೆ. ಅದೇ ಅಳತೆ ಪಿನ್ ನಾಲ್ಕು ತಂದು ಟೂಲ್ ಡಬ್ಬದಲ್ಲಿ ಇಟ್ಕಳ್ರಿ.

ಬೆಲ್ಟ್ ಇರೋ ಮೆಷಿನ್ನಾದ್ರೆ ಸುಟ್ಟ ರಬ್ಬರ್ ವಾಸನೆ ಬರ್ತೈತಾ ನೋಡ್ರಿ, ಬಂದ್ರೆ ಬೆಲ್ಟ್ ಜಾರ್ತೈತೆ. ಲಿವರ್ ಒತ್ತಿದಾಗ ಒಂದು ರಾಟೆ ಬಂದು ಬೆಲ್ಟನ್ನ ಬಿಗಿ ಮಾಡ್ಬೇಕು, ಹೊಸ ವಯರ್ ಕೂಡ ಸ್ವಲ್ಪ ದಿನಕ್ಕೆ ಹಿಗ್ಗಿ ರಾಟೆ ಅಷ್ಟು ದೂರ ಬರಲ್ಲ, ಲಿವರ್ ಹತ್ರ ಇರೋ ಅಡ್ಜಸ್ಟ್ ನಟ್ ತಿರುಗಿಸಿದ್ರೆ ಸರಿ ಹೋಗ್ತೈತೆ. ಬೆಲ್ಟಿಗೆ ಎಣ್ಣೆ ತಾಗಿದ್ರೆ ಎಷ್ಟು ಬಿಗಿ ಮಾಡಿದ್ರೂ ಜಾರ್ತೈತೆ, ಬದ್ಲಾಯಿಸೋದೇ. ಗೇರ್ ಡ್ರೈವ್ ಮೆಷಿನ್ನಲ್ಲಿ ಉಲ್ಟಾ, ಕ್ಲಚ್ ವಯರ್ ತೀರಾ ಬಿಗಿ ಇದ್ರೆ ಕ್ಲಚ್ ಪೂರ್ತಿ ಕೂರಲ್ಲ, ಜಾರಿ ಬಿಸಿ ಆಗ್ತೈತೆ, ಲಿವರಲ್ಲಿ ಒಂಚೂರು ಸಡಿಲ ಇರ್ಲೇಬೇಕು.

ಬ್ಲೇಡ್ ಬುಡದಲ್ಲಿ ಎಣ್ಣೆ ಸೋರ್ತಿದ್ರೆ ಮಣ್ಣು ಕೆರೆದು ನೋಡ್ರಿ. ಅಡಿಕೆ, ತೆಂಗು, ಬಾಳೆ ತೋಟ ಇರೋರು ಇದನ್ನ ವಾರಕ್ಕೊಂದು ಸಲನಾದ್ರೂ ನೋಡ್ಬೇಕು. ಡ್ರಿಪ್ ಪೈಪಿನ ತುಂಡು, ಬಾಳೆ ನಾರು, ಗೊಬ್ಬರ ಚೀಲದ ದಾರ, ಇವು ಶಾಫ್ಟಿಗೆ ಸುತ್ತಿಕೊಂಡು ಒಳಗೆ ಒಳಗೆ ಹೋಗಿ ಎಣ್ಣೆ ಸೋರದಂಗೆ ತಡೆಯೋ ಆಯಿಲ್ ಸೀಲ್ ಕುಯ್ದು ಹಾಕ್ತವೆ. ಸೀಲ್ ಹೋದ ಮೇಲೆ ಗೇರ್ ಆಯಿಲ್ ಹೊರಗೆ, ಕೆಸರು ಒಳಗೆ. ಸೀಲಿಗೆ ಆಗೋ ಖರ್ಚು ಸಣ್ಣದು, ಗೇರು ಬೇರಿಂಗು ಹೋದ್ರೆ ದೊಡ್ಡದು.

ಸ್ಟಾರ್ಟೇ ಆಗ್ತಿಲ್ಲ

ಮೊದಲು ಎಂಜಿನ್ ಆಯಿಲ್ ನೋಡ್ರಿ, ಪೆಟ್ರೋಲ್ ಅಲ್ಲ. ಈ ಮೆಷಿನ್‌ಗಳಲ್ಲಿ ಕೆಲವಕ್ಕೆ ಆಯಿಲ್ ಸೆನ್ಸರ್ ಇರ್ತೈತೆ, ಆಯಿಲ್ ಕಡಿಮೆ ಆದ್ರೆ ಅದು ಕಿಡಿನೇ ಕಟ್ ಮಾಡ್ತೈತೆ, ನೀವು ಎಷ್ಟು ಎಳೆದ್ರೂ ಕೈ ನೋವು ಅಷ್ಟೇ. ಸಮತಟ್ಟಿನಲ್ಲಿ ಎಂಜಿನ್ನು ನೆಟ್ಟಗೆ ನಿಲ್ಲಿಸಿ ನೋಡ್ಬೇಕು, ಬ್ಲೇಡ್ ಮೇಲೆ ವಾಲಿ ನಿಂತಿದ್ದಾಗ ನೋಡಿದ್ರೆ ತಪ್ಪು ಲೆಕ್ಕ ತೋರಿಸ್ತೈತೆ. ಬಹಳ ಎಂಜಿನ್ನಲ್ಲಿ ಆಯಿಲ್ ಅಳೆಯೋ ಕಡ್ಡಿನ ತಿರುಗಿಸಿ ಬಿಗಿ ಮಾಡದೆ ಸುಮ್ನೆ ಇಳಿಸಿ ನೋಡೋದು. 7 ಎಚ್‌ಪಿ ಎಂಜಿನ್ನಿಗೆ ಸುಮಾರು 600 ಮಿಲಿ ಹಿಡೀತೈತೆ, ಲೀಟರ್ ಡಬ್ಬ ಪೂರ್ತಿ ಸುರೀಬೇಡ್ರಿ, ಜಾಸ್ತಿ ಆದ್ರೂ ಹೊಗೆ ಬರ್ತೈತೆ. ಹೊಸ ಮೆಷಿನ್ನಿಗೆ ಮೊದಲ 20 ಗಂಟೆಗೆ ಆಯಿಲ್ ಬದ್ಲಾಯಿಸ್ಬೇಕು, ಆಮೇಲೆ ನಮ್ಮ ಧೂಳಿಗೆ ನಾನು 50 ಗಂಟೆಗೆ ಒಂದು ಸಲ ಬದ್ಲಾಯಿಸ್ತೀನಿ.

ಆಯಿಲ್ ಸರಿ ಇದ್ರೆ ಪ್ಲಗ್ ಬಿಚ್ರಿ. ಪ್ಲಗ್ಗು ಎಂಜಿನ್ ಒಳಗಿನ ಸುದ್ದಿ ಹೇಳ್ತೈತೆ. ಕಂದು ಬಣ್ಣ ಇದ್ರೆ ಚೆನ್ನಾಗೈತೆ. ಒಣ ಕರಿ ಮಸಿ ಕೂತಿದ್ರೆ ಗಾಳಿ ಸಾಲ್ತಿಲ್ಲ, ಏರ್ ಫಿಲ್ಟರ್ ಕಟ್ಟೈತೆ ಅಥವಾ ಚೋಕ್ (ಸ್ಟಾರ್ಟ್ ಮಾಡುವಾಗ ಗಾಳಿ ತಡೆಯೋದು) ಪೂರ್ತಿ ತೆಗೆಯದೆ ಓಡಿಸೀರಿ. ಪೆಟ್ರೋಲಲ್ಲಿ ತೊಯ್ದು ಹೋಗಿದ್ರೆ ಪೆಟ್ರೋಲ್ ಬರ್ತೈತೆ, ಕಿಡಿ ಇಲ್ಲ, ಇಲ್ಲಾ ಚೋಕ್ ಹಾಕಿ ಸಿಕ್ಕಾಪಟ್ಟೆ ಎಳೆದೀರಿ. ಹತ್ತು ಸಲ ಎಳೆದ ಮೇಲೂ ಒಣಗೇ ಇದ್ರೆ ಪೆಟ್ರೋಲೇ ತಲುಪಿಲ್ಲ.

ಕಿಡಿ ನೋಡೋಕೆ ಪ್ಲಗ್ಗನ್ನ ಕ್ಯಾಪಿಗೆ ಸಿಕ್ಕಿಸಿ ಅದರ ಲೋಹದ ಭಾಗ ಎಂಜಿನ್ ಮೈಗೆ ತಾಗಿಸಿ ಹಗ್ಗ ಎಳೀರಿ, ನೀಲಿ ಕಿಡಿ ಟಕ್ ಟಕ್ ಅಂತ ಹಾರ್ಬೇಕು. ಪ್ಲಗ್ ತೂತಿಂದ ದೂರ ಹಿಡೀರಿ, ಆ ತೂತಿಂದ ಪೆಟ್ರೋಲ್ ಆವಿ ಬರ್ತಿರ್ತೈತೆ, ಹೊತ್ಕೊಂಡು ಬಿಡ್ತೈತೆ. ಕಿಡಿ ಇಲ್ಲಾಂದ್ರೆ ಬೇರೆ ಪ್ಲಗ್ ಹಾಕಿ ನೋಡ್ರಿ, ಗ್ಯಾಪು 0.7ರಿಂದ 0.8 ಮಿಲಿಮೀಟರ್ ಇರ್ಲಿ. ಆಗ್ಲೂ ಇಲ್ಲಾಂದ್ರೆ ಕಿಡಿ ಹುಟ್ಟಿಸೋ ಕಾಯಿಲ್ ಹೋಗೈತೆ ಅಂತ ಓಡಬೇಡ್ರಿ, ಮೊದಲು ಹ್ಯಾಂಡಲ್ ಸ್ವಿಚ್ಚಿಂದ ಎಂಜಿನ್ನಿಗೆ ಬರೋ ವಯರ್ ನೋಡ್ರಿ. ಆ ವಯರ್ ಮೈಗೆ ತಾಗಿದ್ರೆ ಎಂಜಿನ್ ಆಫ್ ಆಗೋ ತರನೇ ಅದನ್ನ ಮಾಡಿರೋದು, ಹ್ಯಾಂಡಲ್ ಮಡಚೋ ಜಾಗದಲ್ಲಿ ಉಜ್ಜಿ ಪ್ಲಾಸ್ಟಿಕ್ ಸವೆದು ತಾಮ್ರ ಕಬ್ಬಿಣಕ್ಕೆ ತಾಗ್ತಿರ್ತೈತೆ. ಎಂಜಿನ್ ಹತ್ರ ಆ ಕನೆಕ್ಷನ್ ಬಿಡಿಸಿ ಎಳೀರಿ, ಕಿಡಿ ಬಂತು ಅಂದ್ರೆ ತಪ್ಪು ವಯರ್ದು, ಕಾಯಿಲ್ದಲ್ಲ. ಹಂಗೆ ಬಿಡಿಸಿ ಸ್ಟಾರ್ಟ್ ಮಾಡಿದ್ರೆ ಸ್ವಿಚ್ಚಲ್ಲಿ ಆಫ್ ಆಗಲ್ಲ, ಚೋಕ್ ಮುಚ್ಚಿ ನಿಲ್ಲಿಸ್ಬೇಕು, ಅದನ್ನ ನೆನಪಿಟ್ಕಂಡೇ ಕೈ ಹಾಕ್ರಿ. ಬರೀ ಪರೀಕ್ಷೆಗೆ ಮಾತ್ರ, ಹಂಗೇ ಹೊಲಕ್ಕೆ ಇಳೀಬೇಡ್ರಿ.

ಪೆಟ್ರೋಲ್ ವಿಷಯಕ್ಕೆ ಬಂದ್ರೆ, ಈಗ ಬಂಕಲ್ಲಿ ಸಿಗೋದ್ರಲ್ಲಿ 20 ಪರ್ಸೆಂಟ್‌ವರೆಗೂ ಎಥನಾಲ್ ಇರ್ತೈತೆ, ಎಥನಾಲ್ ಗಾಳಿಯ ತೇವ ಎಳ್ಕಂತೈತೆ. ಮುಂಗಾರಲ್ಲಿ ಹೊಡೆದು ಟ್ಯಾಂಕಲ್ಲಿ ಅರ್ಧ ಪೆಟ್ರೋಲ್ ಬಿಟ್ಟು ಶೆಡ್ಡಿಗೆ ತಳ್ಳಿ ಹಿಂಗಾರಿಗೆ ತೆಗೆದ್ರೆ ತಳದಲ್ಲಿ ನೀರು ಬೇರೆ ಆಗಿ ಕೂತಿರ್ತೈತೆ, ಮೇಲಿನದ್ದು ಹಳಸಿರ್ತೈತೆ. ಕಾರ್ಬೋರೇಟರ್ ಬಟ್ಟಲಿನ ಅಡಿಯಲ್ಲಿ ಒಂದು ಡ್ರೈನ್ ಬೋಲ್ಟ್ ಐತೆ, ಗಾಜಿನ ಲೋಟ ಹಿಡಿದು ಅದನ್ನ ಸಡಿಲ ಮಾಡ್ರಿ, ತಳದಲ್ಲಿ ಗುಳ್ಳೆ ತರ ನೀರು ಕಂಡ್ರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಹೊಸದು ಹಾಕ್ರಿ. ಕಾರ್ಬೋರೇಟರ್ ಬಿಚ್ಚದೇ ಸುಮಾರು ಮೆಷಿನ್ ಇಷ್ಟಕ್ಕೇ ಎದ್ದಾವೆ.

ಹಗ್ಗನೇ ಎಳೆಯೋಕೆ ಆಗ್ತಿಲ್ಲ, ಕಲ್ಲು ಕಟ್ಟಿದಂಗೈತೆ ಅಂದ್ರೆ ಜೋರು ಮಾಡ್ಬೇಡ್ರಿ. ಬ್ಲೇಡ್ ಬಿಚ್ಚುವಾಗ ಮೆಷಿನ್ನನ್ನ ತಪ್ಪು ಮಗ್ಗುಲಿಗೆ ಮಲಗಿಸಿದ್ದೀರಾ ನೆನಪಿಸ್ಕಳ್ರಿ, ಆಯಿಲ್ ಹರಿದು ಸಿಲಿಂಡರ್ ತುಂಬಿರ್ತೈತೆ. ಪ್ಲಗ್ ಬಿಚ್ಚಿ ಆ ತೂತಿನ ಮುಂದೆ ಮುಖ ಇಡದೆ ನಾಲ್ಕೈದು ಸಲ ಎಳೆದ್ರೆ ಆಯಿಲ್ ಆಚೆ ಚಿಮ್ತೈತೆ. ಆಮೇಲೆ ಸ್ಟಾರ್ಟ್ ಮಾಡಿದಾಗ ಐದು ನಿಮಿಷ ಬಿಳಿ ಹೊಗೆ ಬಂದು ನಿಲ್ತೈತೆ, ಗಾಬರಿ ಬೇಡ.

ಓಡ್ತಾ ಓಡ್ತಾ ನಿಲ್ತೈತೆ

ಇದು ನಂದೇ ಕತೆ, ಮುಚ್ಚಳದ್ದು ಮೊದಲೇ ಹೇಳಿದೆ. ಪಕ್ಕಾ ಮಾಡ್ಕಳೋಕೆ ಕಾರ್ಬೋರೇಟರಿಗೆ ಹೋಗೋ ಪೈಪ್ ಕಿತ್ತು ಬಾಟ್ಲಿಗೆ ಬಿಡ್ರಿ, ಎಂಜಿನ್ ತಣ್ಣಗಿರುವಾಗ. ಮೊದಲು ಜೋರಾಗಿ ಬಂದು ಆಮೇಲೆ ತೊಟ್ಟು ತೊಟ್ಟಾಗಿ, ಮುಚ್ಚಳ ತೆಗೆದ ತಕ್ಷಣ ಮತ್ತೆ ಜೋರಾದ್ರೆ ಮುಚ್ಚಳ. ತೆಗೆದ್ರೂ ತೊಟ್ಟು ತೊಟ್ಟೇ ಅಂದ್ರೆ ಪೆಟ್ರೋಲ್ ಕಾಕ್ (ನಲ್ಲಿ) ಕೆಳಗಿನ ಜಾಲರಿ ಕಟ್ಟೈತೆ.

ಪೆಟ್ರೋಲ್ ಚೆನ್ನಾಗಿ ಬರ್ತೈತೆ ಆದ್ರೂ ಬಿಸಿಯಾದ ಮೇಲೆ ನಿಲ್ತೈತೆ ಅಂದ್ರೆ ನಿಂತ ಆ ಕ್ಷಣದಲ್ಲೇ ಕಿಡಿ ನೋಡ್ಬೇಕು, ಅರ್ಧ ಗಂಟೆ ಬಿಟ್ಟು ನೋಡಿದ್ರೆ ಪ್ರಯೋಜನ ಇಲ್ಲ. ಬಿಸಿ ಇದ್ದಾಗ ಕಿಡಿ ಇಲ್ಲ, ತಣ್ಣಗಾದ ಮೇಲೆ ಐತೆ ಅಂದ್ರೆ ಅದು ಕಾಯಿಲ್, ಬದ್ಲಾಯಿಸ್ಬೇಕು. ಇಳಿಜಾರಲ್ಲಿ ಮಾತ್ರ ನಿಲ್ತೈತೆ, ಸಮತಟ್ಟಲ್ಲಿ ನಿಲ್ಲಲ್ಲ ಅಂದ್ರೆ ಮತ್ತೆ ಅದೇ ಆಯಿಲ್ ಸೆನ್ಸರ್ ಇರ್ಬಹುದು, ಆಯಿಲ್ ಗೆರೆಗಿಂತ ಕೆಳಗೈತಾ ನೋಡ್ರಿ.

ಹಗ್ಗ ಇರೋ ಕಡೆ ಜಾಲರಿ ನೋಡೋದು ಮರೀಬೇಡ್ರಿ. ಆ ಕಡೆಯಿಂದಲೇ ಫ್ಯಾನ್ ಗಾಳಿ ಎಳೆದು ಸಿಲಿಂಡರ್ ತಣ್ಣಗೆ ಮಾಡೋದು, ಅಲ್ಲಿ ಒಣ ಹುಲ್ಲು, ಮೆಕ್ಕೆಜೋಳದ ಸಿಪ್ಪೆ, ಅಡಿಕೆ ನಾರು ತುಂಬಿದ್ರೆ ಎಂಜಿನ್ ಕಾದು ಶಕ್ತಿ ಕಳ್ಕಂತೈತೆ. ದಾವಣಗೆರೆ ಕಡೆ ಮೆಕ್ಕೆಜೋಳ ಮುರಿದ ಹೊಲಕ್ಕೆ ಟಿಲ್ಲರ್ ಬಿಡೋರು ದಿನಾ ಸಂಜೆ ಅದನ್ನ ಬಿಡಿಸ್ಬೇಕು, ದಂಟನ್ನಂತೂ ಮೊದಲು ತೆಗೆದು ಹಾಕಿಯೇ ಇಳೀಬೇಕು.

ಏರ್ ಫಿಲ್ಟರ್ ಎಷ್ಟು ಹೇಳಿದ್ರೂ ಕಡಿಮೆ. ಬಹಳ ಟಿಲ್ಲರಲ್ಲಿ ತಳದ ಬಟ್ಟಲಲ್ಲಿ ಆಯಿಲ್ ಇರೋ ಫಿಲ್ಟರ್ ಬರ್ತೈತೆ, ಧೂಳು ಅದರಲ್ಲಿ ಅಂಟ್ಕಳ್ಳಿ ಅಂತ. ಬೇಸಿಗೆ ಕೆಂಪು ಧೂಳಲ್ಲಿ ಎರಡು ದಿನಕ್ಕೆ ಆ ಆಯಿಲ್ ಕೆಸರಾಗ್ತೈತೆ. ಸ್ಪಂಜನ್ನ ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ ಆಯಿಲಲ್ಲಿ ಅದ್ದಿ ಹಿಂಡಿ ಹಾಕ್ರಿ, ಬಟ್ಟಲಿಗೆ ಗೆರೆ ತನಕ ಮಾತ್ರ. ಫಿಲ್ಟರ್ ತೆಗೆದಿಟ್ರೆ ಎಂಜಿನ್ ಹಗುರ ಓಡ್ತೈತೆ ಅಂತ ತೆಗೆದೇ ಹೊಡಿಯೋರು ಇದಾರೆ, ದಯವಿಟ್ಟು ಬೇಡ, ಆ ಧೂಳು ಪಿಸ್ಟನ್ ರಿಂಗನ್ನ ಉಪ್ಪು ಕಾಗದ ಹಾಕಿ ಉಜ್ಜಿದಂಗೆ ಸವೆಸ್ತೈತೆ, ಆಮೇಲೆ ನಿಜವಾಗ್ಲೂ ಎಂಜಿನ್ ಕೆಲಸ ಬರ್ತೈತೆ.

ಇಷ್ಟೆಲ್ಲ ನೋಡಿ ಆದ ಮೇಲೂ ನಿಲ್ಲದ ನೀಲಿ ಹೊಗೆ, ಹಗ್ಗ ಎಳೆದ್ರೆ ಒತ್ತಡನೇ ಸಿಗದೆ ಸಲೀಸಾಗಿ ಬರೋದು, ಗೇರ್ ಬಾಕ್ಸಲ್ಲಿ ಕಟಕಟ ಸದ್ದು, ಎಂಜಿನ್ ಆಯಿಲಲ್ಲಿ ಕಬ್ಬಿಣದ ಮಿಣುಕು, ಇವು ಕಂಡ್ರೆ ಗ್ಯಾರೇಜಿಗೇ ಒಯ್ಯಿರಿ, ಮನೇಲಿ ಬಿಚ್ಚೋ ಕೆಲಸ ಅಲ್ಲ. ಒಯ್ಯುವಾಗ "ಮೆಷಿನ್ ಎಳೀತಿಲ್ಲ ಅಣ್ಣ" ಅಂತ ಬಿಟ್ಟು ಬರಬೇಡ್ರಿ. ಎಷ್ಟು ನಿಮಿಷಕ್ಕೆ ನಿಲ್ತು, ನಿಂತಾಗ ಕಿಡಿ ಇತ್ತಾ, ಬ್ಲೇಡ್ ನಿಂತಾಗ ಎಂಜಿನ್ ಸೌಂಡ್ ಇಳೀತಾ, ಮುಚ್ಚಳ ತೆಗೆದು ನೋಡಿದ್ರಾ, ಪ್ಲಗ್ ಯಾವ ಬಣ್ಣ ಇತ್ತು, ಇದನ್ನ ಒಂದು ಚೀಟಿಯಲ್ಲಿ ಬರೆದು ಹ್ಯಾಂಡಲಿಗೆ ಕಟ್ಟಿ ಕೊಡ್ರಿ. ಸರಿ ಮಾಡಿದ ಮೇಲೆ ಅಲ್ಲೇ ಗ್ಯಾರೇಜ್ ಮುಂದೆ ಎರಡು ನಿಮಿಷ ಕೂಗಿಸಿ ದುಡ್ಡು ಕೊಡಬೇಡ್ರಿ, ಅರ್ಧ ಗಂಟೆ ಓಡಿಸಿ ನೋಡ್ರಿ, ನನ್ನ ಮೆಷಿನ್ನು ಗ್ಯಾರೇಜ್ ಮುಂದೆ ಚೆನ್ನಾಗೇ ಓಡಿತ್ತು.